ಒಂದು ಚೂರು ಮಾಸು

ಥರ್ಮಾಮೀಟರ್ ಹುಡುಕುತ್ತಾ ಮೇಜಿನ ಖಾನೆಗೆ ಕೈ ಹಾಕಿದರೆ ಸಿಕ್ಕಿದ್ದು ಹಳೇ ಕರವಸ್ತ್ರದ ಗಂಟು. ಒಳಗೆ ಬೆರಳುದ್ದದ ಗಾಜಿನ ಸ್ಲೈಡು, ಅದರ ನಡುವೆ ತಿಳಿನೀಲಿ ಕಲೆ. ಥರ್ಮಾಮೀಟರ್ ಬೇಕಾಗಿದ್ದದ್ದು ದಿವ್ಯಾಳಿಗೆ. ನನ್ನ ತಂಗಿಯ ಮಗಳು, ಆರು ತಿಂಗಳ ಚೊಚ್ಚಲು ಬಸುರಿ. ಮಂಗಳೂರಿನಿಂದ ನಮ್ಮ ಕುಕ್ ಟೌನ್ ಮನೆಗೆ ನಾಲ್ಕು ದಿನ ಇರಲೆಂದು ಬಂದವಳಿಗೆ ಚಳಿಜ್ವರ. ಬೆಳಿಗ್ಗೆ ರಕ್ತದ ವರದಿ ಬಂತು.

"ಮಲೇರಿಯಾ ಇಲ್ಲ ಅಂತ ಬಂದಿದೆ ದೊಡ್ಡಮ್ಮ. ಇನ್ನೊಂದ್ಸಲ ಸೂಜಿ ಚುಚ್ಚಿಸ್ಕೊಳ್ಳಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ" ಎಂದು ಮುಸುಕೆಳೆದು ಮಲಗಿದ್ದಾಳೆ.

ಮಲೇರಿಯಾ ಇಲ್ಲ ಎಂದು ನನ್ನಷ್ಟು ಧೈರ್ಯವಾಗಿ ಹೇಳಿದವರು ಈ ಊರಿನಲ್ಲಿ ಕಡಿಮೆ ಎಂದೇ ನನ್ನ ನಂಬಿಕೆ. ಶಿವಾಜಿನಗರದ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಸುರಿಯರ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಮೇಲೆ ಬಳಿದು, ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಹೆದರಬೇಡಿ ಎನ್ನುವುದನ್ನು ಕನ್ನಡ, ತಮಿಳು, ದಖ್ಖನಿ, ಇಂಗ್ಲಿಷ್ ಎಂದು ನಾಲ್ಕು ಭಾಷೆಗಳಲ್ಲಿ ಕಲಿತಿದ್ದೆ. ನಾಲ್ಕರಲ್ಲೂ ಯಾರೂ ನನ್ನನ್ನು ನಂಬುತ್ತಿರಲಿಲ್ಲ. ನನ್ನ ವರದಿಯನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ನಾನು.

ಆಗ ಬಂದವಳು ಸರೋಜ. ಕೆ.ಆರ್. ಪುರದ ಸೊಸೆ, ಗಂಡನ ಜೊತೆ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಹೆರಿಗೆಗೆಂದು ಮರಳಿದ್ದಳು. ಅವಳದ್ದೂ ಚೊಚ್ಚಲು. ಮುಖ ಬಿಳಿಚಿಕೊಂಡಿತ್ತು, ಮೈ ತುಸು ಬೆಚ್ಚಗಿತ್ತು.

"ಅಲ್ಲಿ ಮಳೆಗಾಲ ಬಂದ್ರೆ ಮಲೇರಿಯಾ ಜ್ವರ ಬರೋದೇ ಅಕ್ಕ. ಈಗೀಗ ಬಂದ್ರೂ ಒಂದಿನ ಮಲಗಿ ಎದ್ಬಿಡ್ತೀನಿ. ಮೈಗೆ ಪಳಗ್ಬಿಟ್ಟಿದೆ" ಎಂದಳು.

ನನಗೂ ಹಾಗೇ ಅನ್ನಿಸಿತು. ಸ್ಲೈಡು ನೋಡಿದೆ, ಏನೂ ಕಾಣಲಿಲ್ಲ. 'ಇಲ್ಲ' ಎಂದು ಬರೆದು, ಕೆಳಗೆ ಗೆರೆ ಎಳೆದು, ಉಪ್ಪಿಟ್ಟು ಆರುವ ಮುಂಚೆ ತಿನ್ನಲು ಹೋದೆ.

ಮೂರನೇ ದಿನ ಸರೋಜಳಿಗೆ ಹೆಣ್ಣು ಮಗು ಹುಟ್ಟಿತು. ದಿನ ತುಂಬಿದ್ದರೂ ಅಂಗೈಯಗಲದ ಕೂಸು. ತಾಯಿಗೆ ಜ್ವರ ಏರುತ್ತಲೇ ಇತ್ತು, ಮೈಯಲ್ಲಿ ರಕ್ತವೇ ಇರಲಿಲ್ಲ. ಡಾಕ್ಟರಮ್ಮ ನನ್ನನ್ನು ಕರೆದು, "ಮಾಸಿನಿಂದ ಒಂದು ಸ್ಲೈಡ್ ಮಾಡು, ಬೇಗ" ಎಂದರು. ಮಗುವಿನ ಹಿಂದೆಯೇ ಹೊರಬಿದ್ದ ಮಾಸು ಆಗಲೇ ಹೊಸ ಮಡಕೆಯೊಳಗೆ ಸರೋಜಳ ಅತ್ತೆ ಮುನಿಯಮ್ಮನವರ ಮಡಿಲಲ್ಲಿತ್ತು. ಮನೆಯ ಹಿತ್ತಲಲ್ಲಿ ಹೂಳಲು ಅವರು ಆಟೋಗೆ ಕಾಯುತ್ತಿದ್ದರು.

"ಒಂಬತ್ತು ತಿಂಗಳು ಮಗೀನ ಕಾದಿರೋದಮ್ಮ ಇದು. ಇದಕ್ಕೆ ಕತ್ತರಿ ಹಾಕ್ತೀಯಾ? ಹಂಗೇ ಪೂರಾ ಮಣ್ಣಿಗೆ ಹೋಗ್ಬೇಕು."

ನಾಚಿಕೆ ಬಿಟ್ಟು ಹೇಳುತ್ತೇನೆ: ಅವರು ಕೊಡದಿದ್ದರೆ ಒಳ್ಳೆಯದು ಎಂದು ಆ ಕ್ಷಣ ನನಗೆ ಅನ್ನಿಸಿತ್ತು. ಕೊಡದಿದ್ದರೆ ನಾನು ಬರೆದದ್ದು ತಪ್ಪಾಗುತ್ತಿರಲಿಲ್ಲ.

ಡಾಕ್ಟರಮ್ಮ ಬಂದು ಮುನಿಯಮ್ಮನವರ ಪಕ್ಕ ನೆಲದ ಮೇಲೇ ಕೂತರು. "ಅಮ್ಮಾ, ನಿಮ್ಮ ಸೊಸೆ ಮೈಯಲ್ಲಿ ಕಾವಲುಗಾರರಿದಾರೆ. ಹಳೇ ಜ್ವರಾನ ಗುರುತು ಹಿಡೀತಾರೆ. ಆದ್ರೆ ಮಾಸು ಅವರಿಗೆ ಹೊಸ ಕೋಣೆ, ಇದು ಚೊಚ್ಚಲು ನೋಡಿ. ಕ್ರಿಮಿ ವೇಷ ಬದಲಾಯಿಸ್ಕೊಂಡು ಅಲ್ಲಿ ಅವಿತ್ಕೊಂಡಿದ್ರೆ ಬೆರಳಿನ ರಕ್ತದಲ್ಲಿ ಸಿಗದೇ ಹೋಗ್ಬಹುದು."

ಮುನಿಯಮ್ಮ ಸೊಸೆ ಮಲಗಿದ್ದ ವಾರ್ಡಿನ ಬಾಗಿಲನ್ನೇ ನೋಡುತ್ತಾ ಕೂತರು. ಆಮೇಲೆ ತಾವೇ ಮಡಕೆಯ ಬಟ್ಟೆ ಬಿಚ್ಚಿದರು. "ಅವಳು ಉಳೀತಾಳೆ ಅಂದ್ರೆ ಒಂದು ಚೂರು ತಗೊಳ್ಳಿ. ಒಂದೇ ಚೂರು."

ಆ ಚೂರಿನಲ್ಲಿ ಕ್ರಿಮಿಗಳು ತುಂಬಿದ್ದವು. ಅವನ್ನು ಹೊಡೆಯಲು ಓಡಿಬಂದ ಬಿಳಿ ರಕ್ತಕಣಗಳೂ ಅಲ್ಲೇ ಕಿಕ್ಕಿರಿದಿದ್ದವು. ನಮ್ಮ ಆಸ್ಪತ್ರೆಯಲ್ಲಿ ಬಾಣಂತಿಯನ್ನು ನೋಡಲು ಬಂದ ನೆಂಟರೇ ಬಾಗಿಲಿಗೆ ಅಡ್ಡ ನಿಂತು ಗಂಜಿ ತರುವ ಆಯಾಗೆ ದಾರಿ ಸಿಗದಂತೆ ಮಾಡುತ್ತಿದ್ದರಲ್ಲ, ಹಾಗೆ. ಕಾಪಾಡಲು ಬಂದವರ ನೂಕುನುಗ್ಗಲಿನಲ್ಲಿ ಮಗುವಿಗೆ ಊಟ ಸರಿಯಾಗಿ ತಲುಪಿರಲಿಲ್ಲ. ನಾನು ಬರೆದಿದ್ದ 'ಇಲ್ಲ'ವನ್ನು ನಾನೇ ಹೊಡೆದುಹಾಕಿದೆ. ಅವತ್ತೇ ಔಷಧಿ ಶುರುವಾಯಿತು, ನಾಲ್ಕನೇ ದಿನ ಜ್ವರ ಬಿಟ್ಟಿತು. ಸರೋಜ ಕೂಸನ್ನು ಎದೆಗೆ ಕಟ್ಟಿಕೊಂಡು ವಾರಗಟ್ಟಲೆ ವಾರ್ಡಿನಲ್ಲಿದ್ದಳು, ಆಮೇಲೆ ಇಬ್ಬರೂ ಮನೆಗೆ ಹೋದರು.

ಎರಡನೇ ಹೆರಿಗೆಗೂ ಅವಳು ಅಲ್ಲಿಗೇ ಬಂದಳು. ಮುನಿಯಮ್ಮ ಮಡಕೆ ಹಿಡಿದು ನೇರ ನನ್ನ ಮೇಜಿನ ಹತ್ತಿರ ಬಂದು, "ಇವತ್ತು ಒಂದು ಚೂರು ಬೇಡ್ವೇನಮ್ಮಾ?" ಎಂದರು. ಈ ಸಲ ಎಷ್ಟು ಹುಡುಕಿದರೂ ಕ್ರಿಮಿ ಸಿಗಲಿಲ್ಲ. ಮೈ ಆ ಕೋಣೆಯ ದಾರಿ ಕಲಿತಿರಬಹುದು, ಹಾಗಂತ ನೀನು ನೋಡೋದು ಬಿಡಬೇಡ ಎಂದರು ಡಾಕ್ಟರಮ್ಮ. ಬಿಡಲಿಲ್ಲ. ನಿವೃತ್ತಿಯಾಗುವವರೆಗೂ 'ಇಲ್ಲ' ಎಂದು ಬರೆಯಲೂ ಇಲ್ಲ. 'ಈ ಹನಿಯಲ್ಲಿ ಕಾಣಲಿಲ್ಲ' ಎಂದೇ ಬರೆದೆ. ಜಾಗ ಸಾಲುವುದಿಲ್ಲ ಎಂದು ಆಫೀಸಿನವರು ಗೊಣಗಿದರು, ಗೊಣಗಲಿ ಬಿಡಿ.

ದಿವ್ಯಾಳ ಮುಸುಕು ಸರಿಸಿ, ಸರೋಜಳ ಆ ಚೂರಿನ ಸ್ಲೈಡನ್ನು ಅವಳ ಅಂಗೈಯಲ್ಲಿಟ್ಟು ಇಷ್ಟನ್ನೂ ಹೇಳಿದೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಆ ಅಜ್ಜಿ ಕೊಡದೇ ಇದ್ದಿದ್ರೆ?"

"ನಾನು ಬರೆದಿದ್ದೇ ಉಳೀತಿತ್ತು. ಸರೋಜ ಉಳೀತಿರಲಿಲ್ಲ."

ದಿವ್ಯಾಳ ಮಾಸು ಇನ್ನೂ ಒಳಗೆ ಮಗುವನ್ನು ಕಾಯುತ್ತಿದೆ. ಅದರಿಂದ ಚೂರು ಕೇಳುವ ಹಾಗಿಲ್ಲ. ಬೆರಳಿನಿಂದ ಇವತ್ತೊಂದು ಹನಿ, ನಾಳೆ ಒಂದು, ನಾಡಿದ್ದು ಇನ್ನೊಂದು ಕೇಳಬಹುದು. ಸಿಗುವವರೆಗೆ, ಇಲ್ಲವೇ ಡಾಕ್ಟರು ಸಾಕೆನ್ನುವವರೆಗೆ ಕೇಳುತ್ತೇನೆ.

ಅವಳು ಸ್ಲೈಡನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ನನಗೆ ಕೊಟ್ಟು, ಕಾಲಲ್ಲೇ ಚಪ್ಪಲಿ ಹುಡುಕಿದಳು.

"ನಡಿ ದೊಡ್ಡಮ್ಮ. ಯಾವ ಬೆರಳು ಕೊಡ್ಲಿ?"