ಒಲೆಯ ಇದ್ದಿಲು

ಮುದ್ದೇಬಿಹಾಳದ ನಮ್ಮ ಮನೆಯ ಒಂದೇ ಕೋಣೆಯಲ್ಲಿ ನನ್ನ ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ಕರಗಿಸಿ ನಾಮಫಲಕ ಮಾಡುತ್ತಿತ್ತು. ಪಕ್ಕದಲ್ಲೇ ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಗಾಳಿ ಬಡಿದರೆ ಫಲಕ ಬಿರುಕು ಬಿಡುತ್ತದೆಂದು ಕಿಟಕಿ ಮುಚ್ಚಿಡುತ್ತಿದ್ದೆ. ಹೊಗೆ ಸೋಸುವ ಫಿಲ್ಟರಿನ ಇದ್ದಿಲು ಹಳತಾದಾಗ ಹೊಸದು ತರಿಸಲಿಲ್ಲ. ಇದ್ದಿಲೆಲ್ಲ ಒಂದೇ ಎಂದುಕೊಂಡು ಒಲೆಯದನ್ನೇ ಕುಟ್ಟಿ ತುಂಬಿದೆ. ಅದು ಕೆಲಸಕ್ಕೆ ಬಾರದ್ದೆಂದು ಮರುದಿನವೇ ಕೋಣೆಯಲ್ಲಿ ಉಳಿದ ಪ್ಲಾಸ್ಟಿಕ್ ವಾಸನೆಯಿಂದ ತಿಳಿಯಿತು. ಆದರೂ ಮಷೀನು ನಿಲ್ಲಿಸಲಿಲ್ಲ.

“ಅಣ್ಣಾ, ಎದಿ ಹಿಡದಂಗ ಆಗೇತಿ. ಫಿಲ್ಟರ್ ಹೊಸಾದು ಹಾಕಿಯೇನು?”

“ಹಾಕೇನಿ. ನಿಂದು ಬರೇ ನಾಟಕ.”

“ನಾಟಕ ಆದ್ರ ಟಿಕೀಟ್ ತಗಸು,” ಎಂದು ನಕ್ಕಳು, ಕೆಮ್ಮಿದಳು.

ಈಗ ಅವಳು ನಾಲ್ಕು ಮೆಟ್ಟಿಲು ಹತ್ತಲಾರಳು. ಮನೆಯಲ್ಲಿ ಹೊಗೆ ಇದೆಯೇ ಎಂದು ಡಾಕ್ಟರು ಕೇಳಿದಾಗ ಅವಳೇ ಹೇಳಿದಳು: “ಇಲ್ರಿ, ಅಣ್ಣ ಹೊಸಾ ಫಿಲ್ಟರ್ ಹಾಕ್ಯಾನ್ರಿ.” ಡಾಕ್ಟರು ಹಾಗೆಯೇ ಬರೆದುಕೊಂಡರು. ಪಕ್ಕದಲ್ಲಿದ್ದ ನಾನು ಆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.