ಭಿಕ್ಷಾಪಾತ್ರೆಗೆ ಇಲ್ಲವೆಂದ ಬೀದಿ

ಆ ಯುವ ಭಿಕ್ಷು ನಮ್ಮ ಊರಿಗೆ ಬಂದದ್ದು ಯಾವ ವರ್ಷ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ತೊಂಬತ್ತರ ದಶಕದ ಕೊನೆಯ ಭಾಗ ಎನ್ನುವುದಷ್ಟೇ ಖಚಿತ. ತನ್ನ ಮದುವೆಯ ಮರುವರ್ಷ ಎಂದು ನನ್ನ ತಂಗಿ ಹೇಳುತ್ತಾಳೆ. ಅದಕ್ಕೂ ಒಂದು ವರ್ಷ ಮುಂಚೆ ಎಂದು ಭಿಕ್ಷುವೇ ಹೇಳುತ್ತಾರೆ. ಅವರ ಆಗಿನ ಪಾಸ್‌ಪೋರ್ಟು ಈಗ ಅವರಲ್ಲಿಲ್ಲ. ಎರಡು ಸಾಕ್ಷ್ಯಗಳು ತಾಳೆಯಾಗದಿರುವಾಗ ಒಂದನ್ನು ಆರಿಸಿಕೊಳ್ಳುವ ಹಕ್ಕು ನನಗಿಲ್ಲ. ತಿಂಗಳ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ನಾಲೆಗೆ ನೀರು ಬಿಟ್ಟಾಗಿತ್ತು, ನಮ್ಮ ಬೀದಿಯ ಹೆಂಗಸರು ಭತ್ತದ ನಾಟಿಗೆ ಹೋಗಲು ಆರಂಭಿಸಿದ್ದರು, ಆಷಾಢದ ಹುಣ್ಣಿಮೆಗೆ ಇನ್ನೂ ಕೆಲವು ದಿನಗಳಿದ್ದವು.

ಹುಣ್ಣಿಮೆಯನ್ನು ಉಲ್ಲೇಖಿಸಲು ಕಾರಣವಿದೆ. ಅದರ ಮರುದಿನದಿಂದ ಬೌದ್ಧ ಭಿಕ್ಷುಗಳಿಗೆ ವರ್ಷಾವಾಸ. ಮೂರು ತಿಂಗಳು ಒಂದೇ ಸ್ಥಳದಲ್ಲಿ ನೆಲೆಸುತ್ತೇನೆಂದು ಸಂಕಲ್ಪ ಮಾಡಿದ ಮೇಲೆ ಅಲ್ಲಿಂದ ಕದಲುವಂತಿಲ್ಲ; ಹಗಲು ಕೆಲಸಕ್ಕೆಂದು ಹೋದರೂ ರಾತ್ರಿಗೆ ಅಲ್ಲಿಗೇ ಮರಳಬೇಕು. ಶ್ರೀಲಂಕಾದ ದಕ್ಷಿಣ ತೀರದ ಹಳ್ಳಿಯೊಂದರಿಂದ ಬಂದ ಈ ಯುವಕ ಆ ಸಂಕಲ್ಪವನ್ನು ಮಾಡಿದ್ದು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನಲ್ಲಿ, ಊರ ಕೆಳಗಿನ ನಮ್ಮ ಬೀದಿಯ ಜನ ತಾವೇ ಗೋಡೆ ಎಬ್ಬಿಸಿ ಶೀಟು ಹೊದಿಸಿದ್ದ ಒಂದು ಕೋಣೆಯ ವಿಹಾರದಲ್ಲಿ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಬೆಂಗಳೂರಿನ ಕೆಲವು ಹಿರಿಯ ಬೌದ್ಧ ಉಪಾಸಕರು ಅವರನ್ನು ಕರೆತಂದು ಬಿಟ್ಟುಹೋದರು. ಅವರಿಗೆ ಇಂಗ್ಲಿಷು ಬರುತ್ತಿತ್ತು, ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಸಂಶೋಧನೆಯ ಕೆಲಸದಲ್ಲಿದ್ದೆ, ಅಲ್ಪಸ್ವಲ್ಪ ಪಾಲಿ ಓದಿದ್ದೆ. ಶನಿವಾರ ಭಾನುವಾರ ಊರಿಗೆ ಬಂದು ದುಭಾಷಿಯಾಗಿರಬೇಕೆಂದು ನನ್ನ ಅಪ್ಪ ಅಪ್ಪಣೆ ಮಾಡಿದರು. ಅಪ್ಪ ಆ ಬೀದಿಯ ಯಜಮಾನರು. ನಾವೆಲ್ಲ ಬುದ್ಧನ ಕಡೆಗೆ ಬಂದದ್ದು ಅವರ ಹಿಂದೆ ನಡೆದು.

ಮೊದಲ ಕಷ್ಟ ಊಟದ್ದು. ಭಿಕ್ಷು ಅಡುಗೆ ಮಾಡಿಕೊಳ್ಳುವಂತಿಲ್ಲ, ಆಹಾರವನ್ನು ಮರುದಿನಕ್ಕೆ ಇಟ್ಟುಕೊಳ್ಳುವಂತಿಲ್ಲ, ಹೊತ್ತು ನೆತ್ತಿಗೆ ಬಂದ ಮೇಲೆ ಏನನ್ನೂ ತಿನ್ನುವಂತಿಲ್ಲ, ಬಾಯಿಬಿಟ್ಟು ಕೇಳುವಂತಿಲ್ಲ. ಇದನ್ನೆಲ್ಲ ನಾನು ವಿವರಿಸಿದಾಗ ಅಪ್ಪ ಸುಲಭವಾದ ದಾರಿ ಹೇಳಿದರು. ದಿನಕ್ಕೊಂದು ಮನೆ. ಭಂತೇಜಿಯವರನ್ನು (ಭಿಕ್ಷುವನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ) ಕರೆದು, ಎತ್ತರದ ಆಸನ ಹಾಕಿ, ಎಲೆ ಹಾಸಿ ಬಡಿಸುವುದು. ಎಲ್ಲರೂ ಒಪ್ಪಿದರು. ಭಂತೇಜಿಯೂ ಒಪ್ಪಿದರು, ಏಕೆಂದರೆ ಕರೆದವರ ಮನೆಯಲ್ಲಿ ಉಣ್ಣಲು ಅವರ ನಿಯಮ ಅಡ್ಡಿಯಲ್ಲ.

ರಾಗಿಮುದ್ದೆಯನ್ನು ಅವರು ಮೊದಲ ದಿನ ಅಗಿದು ತಿಂದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೂರನೆಯ ಮನೆಯ ಹೊತ್ತಿಗೆ ನುಂಗುವುದನ್ನು ಕಲಿತರು, ಆದರೆ ಹೊಟ್ಟೆ ಕಲಿಯಲಿಲ್ಲ. ವಾರಗಟ್ಟಲೆ ಅದು ಕೆಟ್ಟಿತ್ತು. ಅದರ ನಡುವೆ ಪರದೇಶದವರ ನೋಂದಣಿಗೆಂದು ಮೈಸೂರಿಗೆ ಅಲೆಯಬೇಕು. ಕಾಗದ ಒಂದಿದ್ದರೆ ಇನ್ನೊಂದಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡು ಬರುತ್ತಿದ್ದರು. ಹಿಂದಿರುಗುವ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೇ ಎತ್ತಿದಾಗ, ಸಂಕಲ್ಪ ಮಾಡಿದ ಮೇಲೆ ಆ ಪ್ರಶ್ನೆ ಉಳಿಯುವುದಿಲ್ಲವಲ್ಲ ಎಂದು ಸರಳವಾಗಿ ಹೇಳಿದರು.

ನಾಟಿಯ ಕೆಲಸ ಬಿರುಸಾದಾಗ ದಿನಕ್ಕೊಂದು ಮನೆಯ ಏರ್ಪಾಡು ಅವರ ಮನಸ್ಸನ್ನು ಕೊರೆಯತೊಡಗಿತು. ನಮ್ಮ ಬೀದಿಯವರು ಬೆಳಗ್ಗೆ ಏಳಕ್ಕೆಲ್ಲ ಹಿಟ್ಟು, ಅಂದರೆ ಮುದ್ದೆ, ಉಂಡು ಗದ್ದೆಗೆ ಹೊರಡುವವರು. ಗಂಡಸರಲ್ಲಿ ಕೆಲವರು ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವವರು. ಭಂತೇಜಿಗೆ ಹನ್ನೊಂದು ಗಂಟೆಗೆ ಬಡಿಸಬೇಕೆಂದರೆ ಆ ಮನೆಯ ಒಬ್ಬಳು ಹೆಂಗಸು ಅಂದಿನ ಕೂಲಿ ಬಿಡಬೇಕು. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಬೆಳಗ್ಗೆ, ಅಂದು ಬಡಿಸಬೇಕಿದ್ದ ಮನೆಯ ಸೊಸೆ, ಗದ್ದೆಗೆ ಹೋಗುವ ಗುಂಪು ಬೀದಿಯ ಕೊನೆಯಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದನ್ನು ಅವರು ಗಮನಿಸಿದ್ದರು. ಆ ಶನಿವಾರ ನನ್ನನ್ನು ಕೇಳಿ ವಿಷಯ ತಿಳಿದುಕೊಂಡರು. ಭಾನುವಾರ ಬೆಳಗ್ಗೆ ಕಾವಿಯ ಚೀವರವನ್ನು ಎರಡೂ ಭುಜಕ್ಕೆ ಹೊದ್ದು, ಕಪ್ಪು ಕಬ್ಬಿಣದ ಪಾತ್ರೆಯನ್ನು ಹಿಡಿದು ಬೀದಿಗೆ ಇಳಿದರು.

ಅವರ ಯೋಚನೆ ಇಷ್ಟೇ. ಬೆಳಗ್ಗೆ ಎಲ್ಲ ಮನೆಗಳಲ್ಲೂ ಹಿಟ್ಟು ಬೆಂದಿರುತ್ತದೆ. ಪ್ರತಿ ಮನೆಯಿಂದ ಒಂದು ತುತ್ತು ಬಿದ್ದರೆ ಯಾರೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ಅವರಿಗೂ ಅದು ಹೊಸದು. ಅವರ ದೇಶದ ವಿಹಾರದಲ್ಲಿ ಮನೆಯವರು ಸರದಿಯಂತೆ ಊಟ ತಂದು ಕೊಡುತ್ತಿದ್ದರಂತೆ. ಪಾತ್ರೆ ಹಿಡಿದು ಬಾಗಿಲುಗಳ ಮುಂದೆ ನಿಂತ ಅನುಭವ ಕಡಿಮೆ. ಮೊದಲ ಮನೆಯ ಮುಂದೆ ಅವರು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡದ್ದನ್ನು ನಾನು ಕಂಡೆ.

ಆ ಮನೆಯ ಮುದುಕಿ ಹೊರಗೆ ಬಂದವಳು ಪಾತ್ರೆಯನ್ನು ಕಂಡು ಹಿಂದಕ್ಕೆ ಸರಿದಳು. ಒಳಕ್ಕೆ ಬಂದು ಕೂತುಕೊಳ್ಳಿ, ಎಲೆ ಹಾಕುತ್ತೇನೆ ಎಂದು ಬೇಡಿಕೊಂಡಳು. ಅವರು ಕಣ್ಣು ಕೆಳಗೆ ಮಾಡಿಕೊಂಡು ನಿಂತೇ ಇದ್ದರು, ಸ್ವಲ್ಪ ಹೊತ್ತಿನ ನಂತರ ಮುಂದಿನ ಮನೆಗೆ ಹೋದರು. ಅಲ್ಲಿ ಬಾಗಿಲು ಮುಚ್ಚಿಕೊಂಡಿತು. ಬೀದಿಯ ಕೊನೆಯವರೆಗೂ ಪಾತ್ರೆಗೆ ಏನೂ ಬೀಳಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಅಪ್ಪನ ಬಾಲ್ಯದಲ್ಲಿ, ಮೇಲಿನ ಬೀದಿಯಲ್ಲಿ ಮದುವೆಯೋ ತಿಥಿಯೋ ಆದಾಗ, ನಮ್ಮ ಬೀದಿಯವರು ಬುಟ್ಟಿ ಮಡಕೆ ಹಿಡಿದು ಆ ಮನೆಗಳ ಹಿತ್ತಿಲಲ್ಲಿ ನಿಲ್ಲಬೇಕಿತ್ತು. ಉಂಡವರು ಎದ್ದ ಮೇಲೆ ಉಳಿದದ್ದನ್ನು ಮೇಲಿನಿಂದ ಸುರಿಯುತ್ತಿದ್ದರು. ಹೋಗದಿದ್ದರೆ ಸೊಕ್ಕು ಎನಿಸಿಕೊಳ್ಳಬೇಕು. ಅಪ್ಪ ಮೀಸೆ ಚಿಗುರಿದ ವಯಸ್ಸಿನಲ್ಲಿ, ಒಂದು ದೊಡ್ಡ ಮದುವೆಯ ದಿನ, ಇನ್ನು ಯಾರೂ ಹೋಗಕೂಡದೆಂದು ಮನೆಮನೆ ತಿರುಗಿ ಹೇಳಿದರು. ಅಂದು ಆ ಅನ್ನ ತಿಪ್ಪೆಗೆ ಹೋಯಿತು. ನಮ್ಮ ಬೀದಿಯ ಮಕ್ಕಳು ಹಸಿದು ಮಲಗಿದರು. ಮುಂದೆ ಯಾರೂ ಹೋಗಲಿಲ್ಲ. ಇದು ನಡೆದ ವರ್ಷವನ್ನೂ ನಾನು ಹಲವು ಹಿರಿಯರ ಬಳಿ ವಿಚಾರಿಸಿದ್ದೇನೆ. ಅವರೆಲ್ಲ ಹೇಳುವುದು ಹಸಿವಿನ ಬಗ್ಗೆ; ವರ್ಷವನ್ನು ಯಾರೂ ಹೇಳುವುದಿಲ್ಲ.

ಭಂತೇಜಿ ಮರುದಿನವೂ ಪಾತ್ರೆ ಹಿಡಿದು ಇಳಿದರು. ಅದರ ಮರುದಿನವೂ. ಕೆಲವರು ಬಾಳೆಹಣ್ಣೋ ಕಡಲೆಪುರಿಯೋ ತೆಗೆದುಕೊಂಡು ವಿಹಾರಕ್ಕೇ ಹೋಗಿ ಕೊಟ್ಟುಬಂದರು. ಅದನ್ನು ಮಧ್ಯಾಹ್ನದೊಳಗೆ ತಿಂದು, ನೀರು ಕುಡಿದು ದಿನ ನೂಕುತ್ತಿದ್ದರೆಂದು ಅಮ್ಮ ನನಗೆ ವರದಿ ಮಾಡಿದಳು. ಚಹಾದಂಗಡಿಯಲ್ಲಿ ತಮಾಷೆಯೂ ಶುರುವಾಗಿತ್ತು. ಬುದ್ಧ ರಾಜ್ಯ ಬಿಟ್ಟನಂತೆ, ಇವರು ಹಿಟ್ಟನ್ನೂ ಬಿಟ್ಟರು ಎಂದು ಒಬ್ಬ ಹೇಳಿದನಂತೆ.

ಮುಂದಿನ ಭಾನುವಾರ, ನಾನು ಊರಲ್ಲಿದ್ದಾಗ, ಮೇಲಿನ ಬೀದಿಯಿಂದ ಒಂದು ಕರೆ ಬಂತು. ಅಲ್ಲಿನ ಶಿವಭಕ್ತ ರೈತರೊಬ್ಬರು, ಒಳ್ಳೆಯವರೇ, ನನ್ನ ಬಳಿ ಬಂದು ಹೇಳಿದರು: "ಸಾ, ನಮ್ಮ ಬೀದೀಗೆ ಬರೇಳಿ ಅವರ್ಗೆ. ಜಂಗಮರು ಭಿಕ್ಷಕ್ಕೆ ಬಂದ್ರೆ ನಾವು ಕಾಲಿಗೆ ನೀರು ಕೊಟ್ಟು ನೀಡೋರು. ಸನ್ಯಾಸಿ ಹಸ್ಕಂಡಿರೋದು ಊರ್ಗೆ ಒಳ್ಳೇದಲ್ಲ." ಅವರ ಮಾತಿನಲ್ಲಿ ಕಪಟವಿರಲಿಲ್ಲ. ಜೋಳಿಗೆ ಹಿಡಿದು ಬಂದವರನ್ನು ಗೌರವಿಸುವುದು ಅವರ ಮನೆಗಳಲ್ಲಿ ರೂಢಿ. ಒಂದೇ ಊರಿನ ಎರಡು ಬೀದಿಗಳಲ್ಲಿ ಒಂದೇ ಪಾತ್ರೆಗೆ ಇದ್ದ ಅರ್ಥ ಬೇರೆ ಬೇರೆ.

ನಾನು ಇದನ್ನು ಭಂತೇಜಿಗೆ ತಿಳಿಸಿದೆ. ಅವರ ಕೆನ್ನೆ ಗುಳಿಬಿದ್ದಿತ್ತು, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದರು. ಕೊಡುವವರು ಯಾರಾದರೂ ಸ್ವೀಕರಿಸುವುದೇ ತಮ್ಮ ಧರ್ಮ ಎಂದರು; ಆದರೆ ಈ ಬೀದಿಯ ಜನ ಕಟ್ಟಿದ ಮನೆಯಲ್ಲಿ ಮಲಗಿ, ಇವರನ್ನು ದಾಟಿಕೊಂಡು ಅಲ್ಲಿಗೆ ಹೋದರೆ ಇವರಿಗೆ ತಾವು ಹೇಳಿದಂತಾಗುವುದೇನು ಎಂದು ಕೇಳಿದರು. ಹೋಗಲಿಲ್ಲ. ಮೊದಲು ಈ ಬೀದಿ, ಆಮೇಲೆ ಆ ಬೀದಿ ಎಂದರು.

ಆ ಮಾತು ಅಪ್ಪನ ಕಿವಿಗೆ ಬಿತ್ತು. ಅಂದೇ ಸಂಜೆ ಹೆಗಲ ಮೇಲೆ ಟವಲು ಹಾಕಿಕೊಂಡು ವಿಹಾರಕ್ಕೆ ಬಂದು, ಭಂತೇಜಿಗೆ ಕೈಮುಗಿದು ನೆಲದ ಮೇಲೆ ಕೂತರು. ನನ್ನನ್ನು ನಡುವೆ ಕೂರಿಸಿಕೊಂಡರು. ಒಂದಕ್ಷರವನ್ನೂ ಮೆತ್ತಗೆ ಮಾಡದೆ ಹೇಳಬೇಕೆಂದು ನನಗೆ ತಾಕೀತಾಯಿತು.

"ಕೇಳ್ಲಾ ಅವರ್ನ. ನಾವು ಬುಟ್ಟಿ ಇಡ್ಕಂಡು ಇತ್ತಿಲಲ್ಲಿ ನಿಂತಿದ್ದೋರು. ಅದ ಬಿಟ್ಟು ಬುದ್ಧನ ತಾವ್ಕೆ ಬಂದೋ. ಈಗ ಬುದ್ಧನ ಮಗನೇ ನಮ್ಮ ಬಾಗ್ಲಲ್ಲಿ ಪಾತ್ರೆ ಇಡ್ಕಂಡು ನಿಂತ್ರೆ, ನಮ್ಮ ಮೊಮ್ಮಕ್ಳು ಏನ್ ಕಲೀತಾವೆ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬುಟ್ಟಿಯ ಕತೆಯನ್ನು ಭಂತೇಜಿ ಕೇಳಿದ್ದು ಅದೇ ಮೊದಲು. ನಂತರ ಒಂದು ಪ್ರಶ್ನೆ ಕೇಳಿದರು. ಆ ದಿನಗಳಲ್ಲಿ ಈ ಬೀದಿಯ ಬಾಗಿಲಿಗೆ ಯಾರಾದರೂ ಬಂದು ನಿಂತದ್ದುಂಟೇ?

"ನಮ್ಮ ಬಾಗ್ಲಿಗೆ ಯಾರ್ ಬಂದಾರು? ನಮ್ಮನ್ ಮುಟ್ಟೋರೇ ಇರ್ನಿಲ್ಲ" ಎಂದರು ಅಪ್ಪ.

ಹಾಗಾದರೆ ಇಲ್ಲ ಎಂದು ಹೇಳುವ ಅವಕಾಶ ನಿಮಗೆ ಎಂದೂ ಸಿಕ್ಕಿಲ್ಲ, ಎಂದರು ಭಂತೇಜಿ. ಹಿತ್ತಿಲಲ್ಲಿ ನಿಂತವರಿಗೆ ಬಾರದಿರುವ ಸ್ವಾತಂತ್ರ್ಯವಿರಲಿಲ್ಲ, ಸುರಿಯುವವರಿಗೆ ಅವರ ಮುಖ ನೋಡುವ ಅಗತ್ಯವಿರಲಿಲ್ಲ. ನಾನು ನನ್ನ ಇಚ್ಛೆಯಿಂದ ಬರುತ್ತೇನೆ, ಮುಂಬಾಗಿಲಿಗೆ ಬರುತ್ತೇನೆ. ಕೊಡುವುದೂ ಇಲ್ಲವೆನ್ನುವುದೂ ನಿಮ್ಮ ಕೈಯಲ್ಲಿದೆ. ಇಲ್ಲವೆಂದರೆ ನಾನು ಮುಂದೆ ಹೋಗುತ್ತೇನೆ, ಮರುದಿನ ಅದೇ ಮನಸ್ಸಿನಿಂದ ಬರುತ್ತೇನೆ. ಬಾಗಿಲು ಮುಚ್ಚಿಕೊಳ್ಳಬೇಡಿ, ಇಲ್ಲವೆಂದು ಹೇಳಿ.

ಅಪ್ಪ ಎಲೆಅಡಿಕೆಯ ಚೀಲವನ್ನು ಬಿಚ್ಚಿದರು, ಏನನ್ನೂ ತೆಗೆಯದೆ ಮತ್ತೆ ಕಟ್ಟಿದರು.

"ಅಂಗಾರೆ ನಾಳಿಕೆ ನಾನು ಇಲ್ಲ ಅಂತೀನಿ. ಮನಸ್ಗೆ ಬ್ಯಾಸ್ರ ಮಾಡ್ಕಬಾರ್ದು ಅಂತ ಏಳು."

ಮರುದಿನ ಸೋಮವಾರ. ನಾನು ರಜೆ ಹಾಕಿ ಉಳಿದುಕೊಂಡೆ. ಬೀದಿಗೆ ಬೀದಿಯೇ ಗದ್ದೆಗೆ ಹೊರಡದೆ ನಿಂತಿತ್ತು. ಅಂದು ಭಂತೇಜಿ ಮೊದಲು ನಮ್ಮ ಮನೆಯ ಮುಂದೆ ನಿಂತರು. ಅಪ್ಪ ಮೀಸೆ ಸವರಿಕೊಂಡು, ಜಗಲಿಯಿಂದ ಒಂದು ಮೆಟ್ಟಿಲು ಇಳಿದು, ಕೈಮುಗಿದು, ಬೀದಿಯ ಕೊನೆಯವರೆಗೂ ಕೇಳುವಂತೆ ಹೇಳಿದರು: "ಇವತ್ತಿಲ್ಲ. ಮುಂದಕ್ಕೋಗಿ ಬಂತೇಜಿ." ಭಂತೇಜಿ ತಲೆಬಾಗಿಸಿ ಮುಂದೆ ನಡೆದರು. ಅಪ್ಪನ ಮುಖದಲ್ಲಿ ಆಗ ಇದ್ದದ್ದನ್ನು ನಾನು ಸಂತೋಷ ಎಂದು ಬರೆದರೆ ತಪ್ಪಾಗಬಹುದು. ಬೇರೆ ಪದ ನನಗೆ ಸಿಕ್ಕಿಲ್ಲ.

ಎರಡನೆಯ ಮನೆಯವರು ಇಲ್ಲವೆಂದರು. ಮೂರನೆಯ ಮನೆಯವಳೂ ಇಲ್ಲವೆಂದಳು, ಆದರೆ ಅವಳಿಗೆ ನಗು ತಡೆಯಲಾಗಲಿಲ್ಲ. ನಾಲ್ಕನೆಯ ಮನೆಯ ಮುಂದೆ, ಆ ಮನೆಯವರಲ್ಲದ ಒಬ್ಬಳು ನಿಂತಿದ್ದಳು. ನನ್ನ ಅಮ್ಮ. ಹಿತ್ತಿಲಿನಿಂದ ಸುತ್ತಿ ಬಂದು, ಸೆರಗಿನ ಮರೆಯಲ್ಲಿ ತಂದಿದ್ದ ಮುದ್ದೆಯನ್ನು ಎರಡೂ ಕೈಯಿಂದ ಪಾತ್ರೆಗೆ ಇಟ್ಟಳು. ಆ ಮನೆಯವಳು ಮೇಲಿಂದ ಅವರೆಕಾಳಿನ ಸಾರು ಬಿಟ್ಟಳು. ಆಮೇಲೆ ಬೀದಿಯ ಉಳಿದ ಮನೆಗಳಲ್ಲಿ ಕೆಲವರು ಕೊಟ್ಟರು, ಕೆಲವರು ಗಟ್ಟಿಯಾಗಿ ಇಲ್ಲವೆಂದರು. ಬಾಗಿಲು ಮಾತ್ರ ಯಾರೂ ಮುಚ್ಚಿಕೊಳ್ಳಲಿಲ್ಲ.

ಮಧ್ಯಾಹ್ನ ಉಣ್ಣುವಾಗ ಅಪ್ಪ ಅಮ್ಮನನ್ನು ಕೇಳಿದರು: "ನಾಕ್ನೇ ಅಟ್ಟಿಯೋರು ಕೊಟ್ರಂತಲ್ಲ?"

"ಊಂ. ಅವರ ಬಾಗ್ಲು, ಅವರು ಕೊಟ್ರು" ಎಂದಳು ಅಮ್ಮ.

ವರ್ಷಾವಾಸ ಮುಗಿಯುವವರೆಗೂ ಹೀಗೇ ನಡೆಯಿತು. ಅಪ್ಪ ಒಂದು ದಿನವೂ ಪಾತ್ರೆಗೆ ಏನನ್ನೂ ಹಾಕಲಿಲ್ಲ. ಭಾನುವಾರ ಕೆಲಸಕ್ಕೆ ಬಿಡುವಿದ್ದರೆ ಭಂತೇಜಿಯನ್ನು ಒಳಗೆ ಕರೆದು, ಎಲೆ ಹಾಸಿ, ತಾವೇ ನಿಂತು ಬಡಿಸುತ್ತಿದ್ದರು. ಭಂತೇಜಿಯೂ ಪಾತ್ರೆಯನ್ನು ಕೆಳಗಿಡಲಿಲ್ಲ. ಇಬ್ಬರಲ್ಲಿ ಯಾರೂ ತಮ್ಮ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ಕಾಣೆ. ನಾಟಿಯ ಗುಂಪಿನಿಂದ ಭಂತೇಜಿ ಕನ್ನಡ ಕಲಿಯತೊಡಗಿದ್ದರು. ಅಕ್ಕಂದಿರಿಗೆ "ಬತ್ತೀನಿ" ಎನ್ನುವಷ್ಟಾಗಿತ್ತು.

ಮಳೆಗಾಲದ ಮೂರು ತಿಂಗಳು ತುಂಬಿದಾಗ ಬೆಂಗಳೂರಿನ ಉಪಾಸಕರು ಕಾರಿನಲ್ಲಿ ಬಂದರು. ಭಂತೇಜಿ ಸೊರಗಿಹೋದದ್ದನ್ನು ಕಂಡು ಗಾಬರಿಯಾದರು. ನಗರದಲ್ಲಿ ಒಳ್ಳೆಯ ವಿಹಾರವಿದೆ, ವೈದ್ಯರಿದ್ದಾರೆ, ಊಟಕ್ಕೆ ಸರದಿಯ ಮನೆಗಳಿವೆ, ಇನ್ನು ಕದಲಬಹುದಲ್ಲ ಎಂದು ಒತ್ತಾಯಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಂತೇಜಿ, ತಮಗೆ ಇಲ್ಲೇ ಇರುವ ಮನಸ್ಸು, ಆದರೆ ಬೀದಿಯವರು ಹೋಗಿ ಎಂದರೆ ಹೋಗುತ್ತೇನೆ ಎಂದರು. ಬೀದಿಯವರನ್ನು ವಿಹಾರದ ಮುಂದೆ ಸೇರಿಸಲಾಯಿತು. ಎಲ್ಲರೂ ಅಪ್ಪನ ಕಡೆ ನೋಡಿದರು, ಏಕೆಂದರೆ ದಿನಾ ಇಲ್ಲವೆಂದವರು ಅವರೇ. ಬೆಂಗಳೂರಿನವರಲ್ಲಿ ಒಬ್ಬರು, ಯಜಮಾನರಿಗೇ ಇಷ್ಟವಿಲ್ಲದಿದ್ದ ಮೇಲೆ ಮಾತೇಕೆ ಎಂದು ಗೊಣಗಿದರು.

ಅಪ್ಪ ಎದ್ದು ನಿಂತರು.

"ಇಷ್ಟ ಇಲ್ಲ ಅಂತ ಯಾರ್ ಅಂದೋರು? ನಾನು ಇಲ್ಲ ಅಂದಿದ್ದು ಪಾತ್ರೆಗೆ, ಅವರ್ಗಲ್ಲ. ಅವರು ಓಗ್ಬುಟ್ರೆ ನಾನು ಯಾರ್ಗೆ ಇಲ್ಲ ಅನ್ನನ?" ಜನ ನಕ್ಕರು. ಅಪ್ಪ ನಗಲಿಲ್ಲ. "ಇರ್ಲಿ ಅವರು. ನಾಳಿಕೂ ಬರ್ಲಿ. ನಾಳಿಕೂ ಇಲ್ಲ ಅಂತೀನಿ."

ನಾನು ಇದನ್ನು ಅನುವಾದಿಸಲು ಬಾಯಿ ತೆರೆದೆ. ಭಂತೇಜಿ ಕೈಯೆತ್ತಿ ನನ್ನನ್ನು ತಡೆದರು, ಅವರಿಗೆ ತಿಳಿದಿತ್ತು. ಬೆಂಗಳೂರಿನವರು ಊಟ ಮುಗಿಸಿ, ಭಂತೇಜಿಯನ್ನು ನಮ್ಮಲ್ಲೇ ಬಿಟ್ಟು, ಬಂದ ಕಾರಿನಲ್ಲೇ ನರಸೀಪುರದ ದಾರಿ ಹಿಡಿದು ಬೆಂಗಳೂರಿಗೆ ಹೊರಟುಹೋದರು.