ಗಾಜಿನ ಗುಮ್ಮಟದಿಂದ ಇಳಿಬಿದ್ದ ಸೀರೆಗಳು

ಪುತ್ತೂರಿನಲ್ಲಿ ಬಸ್ಸಿಳಿದು ಸ್ವಲ್ಪ ದೂರ ನಡೆದರೆ ಸಿಗುವ ಒಂದು ವ್ಯಾಪಾರದ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಕಡಬದಿಂದ ದಿನಾ ಬೆಳಿಗ್ಗೆ ಬಂದು ಸಂಜೆ ಹಿಂತಿರುಗುತ್ತೇನೆ. ಆ ಕಟ್ಟಡದ ಮೇಲಿರುವಷ್ಟು ಅಭಿಮಾನ ನನಗೆ ನಮ್ಮ ಮನೆಯ ಮೇಲಿಲ್ಲ ಎಂದು ಗಂಡ ತಮಾಷೆ ಮಾಡುವುದುಂಟು. ಅದರಲ್ಲಿ ಸುಳ್ಳೇನೂ ಇಲ್ಲ.

ಅದನ್ನು ಕಟ್ಟಿಸಿದವರನ್ನು ನಾವೆಲ್ಲ ಹಾಜಿಯವರು ಎನ್ನುತ್ತೇವೆ. ಪುತ್ತೂರಿನ ಹಳೆಯ ಬ್ಯಾರಿ ಕುಟುಂಬದವರು. ಹರೆಯದಲ್ಲಿ ಗಲ್ಫಿಗೆ ಹೋಗಿ, ಸಿಮೆಂಟು ಕಲಸುವುದರಿಂದ ಶುರುಮಾಡಿ, ಕೊನೆಗೆ ತಾವೇ ಗುತ್ತಿಗೆದಾರರಾಗಿ ಊರಿಗೆ ಮರಳಿದವರು. ಅಲ್ಲಿನ ಯಾವುದೋ ಹಳೆಯ ಪೇಟೆಯಲ್ಲಿ ಮಾಡಿನ ನಡುವಿನಿಂದ ಬೆಳಕು ಇಳಿದು ಅತ್ತರಿನ ಶೀಶೆಗಳ ಮೇಲೆ ಬೀಳುತ್ತಿತ್ತಂತೆ. ಆ ಬೆಳಕನ್ನು ಊರಿಗೆ ತರಬೇಕೆಂಬ ಆಸೆ ಅವರಿಗೆ. ಹಾಗಾಗಿ ಕಟ್ಟಡದ ನಡುವೆ ದೊಡ್ಡ ಅಂಗಳದಷ್ಟು ಜಾಗ ಖಾಲಿ ಬಿಟ್ಟು, ಮೇಲೆ ಗಾಜಿನ ಗುಮ್ಮಟ ಕೂರಿಸಿದರು. ಸುತ್ತ ಕಮಾನುಗಳ ಪಡಸಾಲೆ. ಎರಡು ಬದಿಯಿಂದ ಬಾಗುತ್ತಾ ಬಂದು ನಡುವೆ ಸೇರುವ ಮೆಟ್ಟಿಲು. "ಆ ಖಾಲಿ ಜಾಗದಲ್ಲಿ ಎಷ್ಟು ಅಂಗಡಿ ಆಗ್ತಿತ್ತು! ಇವರಿಗೆ ಮರ್ಲ್, ಹುಚ್ಚು" ಎಂದು ಪೇಟೆಯವರು ನಕ್ಕರು. ಹಾಜಿಯವರೂ ಅವರ ಜೊತೆ ಸೇರಿ ನಗುತ್ತಿದ್ದರು.

ನಾನು ಅಲ್ಲಿ ಅಂಗಡಿ ಹಿಡಿದದ್ದೇ ಆ ಗುಮ್ಮಟಕ್ಕಾಗಿ. ಟ್ಯೂಬ್‌ಲೈಟಿನಲ್ಲಿ ನೂಲಿನ ಬಣ್ಣ ನಂಬುವ ಹಾಗಿಲ್ಲ. ಬಟ್ಟೆಯನ್ನೂ ನೂಲಿನ ಉಂಡೆಯನ್ನೂ ಹಿಡಿದು ಪಡಸಾಲೆಗೆ ಬಂದು ನಿಂತರೆ ಸಾಕು, ಬದನೆ ಬಣ್ಣ ಯಾವುದು, ನೇರಳೆ ಯಾವುದು ಎಂದು ತಾನಾಗಿ ತಿಳಿಯುತ್ತಿತ್ತು.

ಈ ನಡುವೆ ಪೇಟೆ ಬೆಳೆಯಿತು. ಗುಡ್ಡ ಕಡಿದು ಫ್ಲ್ಯಾಟುಗಳೆದ್ದವು, ಹೊಸ ಶೋರೂಮುಗಳು ಬಂದವು. ಇವತ್ತು ಯಾರದೋ ಕುತ್ತಿಗೆಯ ಸರ ಹೋಯಿತು, ನಿನ್ನೆ ಯಾರದೋ ಬೈಕು ಹೋಯಿತು ಎಂಬ ಮಾತು ಮಾಮೂಲಾಯಿತು. ಹೊಸದಾಗಿ ಕಟ್ಟಿಸುವವರು ಕಿಟಕಿಯನ್ನು ಚಿಕ್ಕದು ಮಾಡಿ ಶಟರನ್ನು ದಪ್ಪ ಮಾಡಿದರು. ನಮ್ಮ ಗುಮ್ಮಟ ಮಾತ್ರ ಹಾಗೆಯೇ ಇತ್ತು.

ಒಂದು ಮಳೆಗಾಲದ ಬೆಳಿಗ್ಗೆ ನಾನು ಮೆಟ್ಟಿಲ ಬುಡಕ್ಕೆ ಬಂದಾಗ ಜನ ಗುಂಪುಗೂಡಿ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಗುಮ್ಮಟದ ಒಂದು ಗಾಜು ಇರಲಿಲ್ಲ. ಆ ಕಿಂಡಿಯಿಂದ ಮೂರು ಸೀರೆಗಳು ಒಂದಕ್ಕೊಂದು ಗಂಟು ಹಾಕಿಸಿಕೊಂಡು, ಒದ್ದೆಯಾಗಿ, ಎರಡನೇ ಮಹಡಿಯವರೆಗೆ ಇಳಿಬಿದ್ದಿದ್ದವು. ಕೆಳಗಿನದು ಹಸಿರು ರೇಷ್ಮೆ, ಕೆಂಪು ಅಂಚಿನದು. ಅದು ನನ್ನ ಅಂಗಡಿಗೆ ಬಂದಿದ್ದ ಸೀರೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ನಡೆದದ್ದನ್ನು ಪೊಲೀಸರು ಮಧ್ಯಾಹ್ನದೊಳಗೆ ಬಿಡಿಸಿ ಹೇಳಿದರು. ಕಳ್ಳರು ಇಬ್ಬರು. ಒಬ್ಬ ಗುಮ್ಮಟದ ಮೇಲೆ ನಿಂತ, ಇನ್ನೊಬ್ಬ ಹಗ್ಗ ಹಿಡಿದು ಇಳಿದ. ನನ್ನ ಪಕ್ಕದ ಬೆಳ್ಳಿ ಅಂಗಡಿಯ ಬೀಗ ಒಡೆದು ಗೆಜ್ಜೆ, ಕಾಲುಂಗುರ, ದೀಪ ಎಲ್ಲ ಚೀಲಕ್ಕೆ ತುಂಬಿಸಿದ. ಹತ್ತುವಾಗ ಹಗ್ಗ ತುಂಡಾಯಿತು. ಆಗ ನನ್ನ ಬಾಗಿಲು ಮುರಿದು, ಕೈಗೆ ಸಿಕ್ಕಿದ ಸೀರೆಗಳನ್ನು ಗಂಟು ಹಾಕಿ, ತುದಿಗೆ ನನ್ನ ದೊಡ್ಡ ಕತ್ತರಿ ಕಟ್ಟಿ ಮೇಲಿದ್ದವನಿಗೆ ಎಸೆದಿದ್ದಾನೆ. ಅವನು ತುದಿಯನ್ನು ಮೇಲೆ ಬಿಗಿದ, ಇವನು ಹತ್ತಿ ಪಾರಾದ; ಕತ್ತರಿ ಪೊಲೀಸರಿಗೆ ಮಾಡಿನ ಮೇಲೆ ಸಿಕ್ಕಿತು. ಗಾಜಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಕೆಳಗಿದ್ದ ಕಾವಲುಗಾರನಿಗೆ ಏನೂ ಕೇಳಿಸಿರಲಿಲ್ಲ.

ಸೀರೆಗಳನ್ನು ಸಾಕ್ಷ್ಯಕ್ಕೆಂದು ಪೊಲೀಸರು ಕೊಂಡುಹೋದರು. ಸೀರೆಯವರಿಗೆ ಮುಖ ತೋರಿಸಬೇಕಾದವಳು ನಾನು. ಹಸಿರು ಸೀರೆ ಸುಳ್ಯದ ಕಡೆಯ ಒಬ್ಬ ಗೌಡ್ತಿಯಮ್ಮನದು, ಅವರ ಮದುವೆಯ ಸೀರೆ. ಮಗಳು ನಿಶ್ಚಿತಾರ್ಥಕ್ಕೆ ಉಡಲಿ ಎಂದು ಫಾಲ್ ಹಾಕಿಸಲು ಕೊಟ್ಟಿದ್ದರು. ಫೋನಿನಲ್ಲಿ ಹೇಳುವಾಗ ನನಗೆ ಅಳುವೇ ಬಂತು. ಅವರು ಮರುದಿನ ಮಗಳನ್ನು ಕರೆದುಕೊಂಡು ಬಂದರು. ಬಯ್ಯುತ್ತಾರೆ ಎಂದು ಎದ್ದು ನಿಂತೆ. ಅವರು ಪಡಸಾಲೆಯಲ್ಲಿ ನಿಂತು ಕುತ್ತಿಗೆ ಎತ್ತಿ ಗುಮ್ಮಟವನ್ನೇ ನೋಡಿದರು.

"ಅವ ನನ್ನ ಸೀರೆಯಲ್ಲಿ ನೇತಾಡಿಕೊಂಡು ಅಲ್ಲಿವರೆಗೆ ಹತ್ತಿದನಾ?"

"ಹೌದಮ್ಮ."

"ಬೆಳ್ಳಿಯ ಚೀಲ ಬೇರೆ ಹೊತ್ತುಕೊಂಡು?"

"ಹೌದು."

"ಆದ್ರೂ ಹರೀಲಿಲ್ಲ?"

"ಇಲ್ಲ. ಗಂಟಿನ ಹತ್ತಿರ ಸ್ವಲ್ಪ ಜರಿ ಎದ್ದಿದೆ, ಅಷ್ಟೆ."

ಅವರು ಮಗಳ ಕಡೆ ತಿರುಗಿದರು. "ನೋಡಿದಿಯಾ? ನನ್ನಪ್ಪ ತೆಗೆದುಕೊಟ್ಟ ಸೀರೆ ಎಂತದ್ದು ಅಂತ!"

ಮಗಳಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ನಿಶ್ಚಿತಾರ್ಥಕ್ಕೆ ಬೇರೆ ಸೀರೆ ಉಡಿಸಿದರು, ಅದರ ರವಿಕೆಯನ್ನೂ ನನ್ನಿಂದಲೇ ಹೊಲಿಸಿದರು.

ಬೆಳ್ಳಿ ಅಂಗಡಿಯವರಿಗೆ ನಗುವ ಸ್ಥಿತಿ ಇರಲಿಲ್ಲ. ಆ ವಾರವೇ ಅಂಗಡಿಯವರೆಲ್ಲ ಮೆಟ್ಟಿಲ ಮೇಲೆ ಸೇರಿದೆವು. "ಹಾಜಿಯವರೇ, ಗಾಜು ತೆಗೆದು ಸ್ಲ್ಯಾಬ್ ಹಾಕಿ. ಚಂದ ನೋಡಿಕೊಂಡು ಕೂತರೆ ನಾವು ಬದುಕುದು ಹೇಗೆ?" ಎಂದು ಬೆಳ್ಳಿ ಅಂಗಡಿಯವರು ಕೇಳಿದರು. ಹೆಚ್ಚಿನವರು ಹೂಂಗುಟ್ಟಿದರು. ನನ್ನ ಬಾಗಿಲೂ ಮುರಿದಿತ್ತಲ್ಲ, ನಾನೂ ಹೂಂ ಎಂದೆ.

ಹಾಜಿಯವರು ಸಿಟ್ಟಾಗಲಿಲ್ಲ. "ನಿಮ್ಮ ಸೊತ್ತು ಹೋದದ್ದು, ನೀವು ಹೇಳುದು ಸರಿ ಉಂಟು. ಒಂದು ವಾರ ಟರ್ಪಾಲು ಹಾಕಿಸ್ತೇನೆ. ಕತ್ತಲೆ ಹೇಗಿರ್ತದೆ ನೋಡಿ. ಆಮೇಲೂ ಸ್ಲ್ಯಾಬೇ ಬೇಕಾದ್ರೆ ನಾನೇ ನಿಂತು ಹಾಕಿಸ್ತೇನೆ" ಎಂದರು.

ಟರ್ಪಾಲು ಬಿತ್ತು. ಹಗಲಿಡೀ ಲೈಟು ಉರಿಯಿತು. ಬಸ್ಸಿಗೆ ಕಾಯುತ್ತಾ ಮೆಟ್ಟಿಲ ಮೇಲೆ ಕೂರುತ್ತಿದ್ದ ಕಾಲೇಜು ಹುಡುಗಿಯರು ಬರುವುದನ್ನು ನಿಲ್ಲಿಸಿದರು. ಮಕ್ಕಳನ್ನು ಕರೆತಂದ ತಾಯಂದಿರು ಕೆಲಸ ಮುಗಿಸಿ ಬೇಗ ಹೊರಟುಬಿಡುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಯಾರಾದರೂ ನಿಂತಿದ್ದರೆ ಮುಖವೇ ತಿಳಿಯುತ್ತಿರಲಿಲ್ಲ. ಮೊದಲ ಬಾರಿಗೆ ನನಗೆ ಅಲ್ಲಿ ಹಗಲು ಹೊತ್ತಿನಲ್ಲಿ ಹೆದರಿಕೆಯಾಯಿತು. ಆರನೇ ದಿನ ಕೆಳಗಿನ ಜ್ಯೂಸ್ ಅಂಗಡಿಯವನೇ ಹೋಗಿ, "ತೆಗೆಸಿಬಿಡಿ ಮಾರಾಯ್ರೆ, ಗೋಡೌನಿನಲ್ಲಿ ಕೂತ ಹಾಗೆ ಆಗ್ತದೆ" ಎಂದ. ಅವನ ಹಿಂದೆಯೇ ನಾನೂ ಹೋಗಿ ಅದನ್ನೇ ಹೇಳಿದೆ.

ಗಾಜನ್ನು ಹಾಗೆಯೇ ಬಿಡಲೂ ಸಾಧ್ಯವಿರಲಿಲ್ಲ. ಹಾಜಿಯವರು ಪಂಜದ ಕಡೆಯ ಒಬ್ಬ ವೆಲ್ಡಿಂಗಿನವರನ್ನು ಕರೆಸಿ, ಅವರ ಜೊತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಅಳಿಸಿ, ಮತ್ತೆ ಬರೆದರು. ಗಾಜಿನ ಅಡಿಗೆ ಕಬ್ಬಿಣದ ಜಾಲರಿ ಬಂತು. ನಡುವಿನಿಂದ ಹೊರಟು ಸುತ್ತಲೂ ಹರಡುವ ಎಸಳುಗಳ ಹಾಗಿನ ವಿನ್ಯಾಸ. ಮನುಷ್ಯನ ತಲೆ ತೂರದಷ್ಟು ಇಕ್ಕಟ್ಟು, ಬೆಳಕಿಗೆ ಮಾತ್ರ ಏನೂ ಅಡ್ಡಿಯಿಲ್ಲ. ಅದನ್ನು ಎತ್ತಿ ಕೂರಿಸಿದ ದಿನ ಬಿಸಿಲಿತ್ತು. ನೆಲದ ಮೇಲೆ ಎಸಳುಗಳ ನೆರಳು ಬಿದ್ದಿತು. ನೋಡಲು ಹೊರಗಿನ ಜನವೂ ಬಂದರು. ಒಂದು ಕಳ್ಳತನದಿಂದ ಕಟ್ಟಡ ಇನ್ನಷ್ಟು ಚಂದವಾಗಬಹುದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಬೆಳ್ಳಿ ಅಂಗಡಿಯವರ ಮನಸ್ಸು ಮಾತ್ರ ಅಲ್ಲಿ ನಿಲ್ಲಲಿಲ್ಲ. ಬೇರೆ ಕಟ್ಟಡಕ್ಕೆ ಹೋದರು. ಹೋಗುವ ದಿನ ಹಾಜಿಯವರು ಅವರ ಕಪಾಟು ಇಳಿಸಲು ತಾವೂ ಕೈ ಕೊಟ್ಟರು. ಕಳ್ಳರು ಕೆಲವು ತಿಂಗಳ ನಂತರ ಕಾಸರಗೋಡಿನ ಕಡೆ ಗೆಜ್ಜೆ ಮಾರಲು ಹೋಗಿ ಸಿಕ್ಕಿಬಿದ್ದರು. ಬೆಳ್ಳಿ ಅರ್ಧದಷ್ಟು ಸಿಕ್ಕಿತು. ಸೀರೆಗಳು ಕೋರ್ಟಿನಿಂದ ಬಿಡುಗಡೆಯಾಗಿ ಬರುವ ಹೊತ್ತಿಗೆ ಸುಳ್ಯದ ಆ ಮಗಳಿಗೆ ಮದುವೆಯೂ ಆಗಿತ್ತು.

ಈಗ ಹಾಜಿಯವರು ಕಡಬದಲ್ಲಿ ಜಾಗ ತೆಗೆದಿದ್ದಾರೆ. ತಾಲೂಕು ಕೇಂದ್ರವಾದ ಮೇಲೆ ಅಲ್ಲಿಯೂ ಜನ ಹೆಚ್ಚಾಗಿದ್ದಾರೆ. ಕಳೆದ ತಿಂಗಳು ಅಲ್ಲಿ ಕಟ್ಟಿಸುವ ಹೊಸ ಕಟ್ಟಡದ ನಕ್ಷೆ ಹಿಡಿದು ನನ್ನ ಅಂಗಡಿಗೆ ಬಂದಿದ್ದರು.

"ಟೈಲರಕ್ಕ, ನಿಮಗೆ ಯಾವ ಬದಿ ಬೇಕು? ಈಗಲೇ ಹೇಳಿ, ಗೋಡೆ ಎದ್ದ ಮೇಲೆ ಹೇಳಿದ್ರೆ ಆಗುದಿಲ್ಲ."

ಬಸ್ಸಿನ ಓಡಾಟ ತಪ್ಪುತ್ತದೆ, ಒಪ್ಪಿಕೋ ಎನ್ನುತ್ತಾನೆ ಗಂಡ. ಆದರೆ ನನ್ನ ಗಿರಾಕಿಗಳೆಲ್ಲ ಪುತ್ತೂರಿನವರು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ಹಾಜಿಯವರು ಅವಸರ ಮಾಡಿಲ್ಲ. ಭಾನುವಾರ ಒಮ್ಮೆ ಹೋಗಿ ಆ ಜಾಗ ನೋಡಿ ಬರಬೇಕು.